ಗಂಡನ ಹೆಸರೇನು ಎಂಬ ಮೊದಲ ಪ್ರಶ್ನೆ

ಎಲ್ಲರೂ ಸುಖವಾಗಿದ್ದಾರೆ ಎಂದು ಹೇಳುವ ಸಂಶೋಧನೆಯನ್ನು ಡಾ. ಹಂಚಿನಾಳರು ನಂಬುತ್ತಿರಲಿಲ್ಲ. ಧಾರವಾಡದ ಮನಃಶಾಸ್ತ್ರ ವಿಭಾಗದ ತಮ್ಮ ಕೋಣೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕುಳಿತು, ಸಂಶೋಧನಾ ವಿದ್ಯಾರ್ಥಿನಿ ಕಸ್ತೂರಿ ತಂದಿಟ್ಟ ಕಟ್ಟನ್ನು ಹಾಳೆ ಹಾಳೆಯಾಗಿ ತಿರುವಿದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಮದುವೆಯಾದ ಹೆಣ್ಣುಮಕ್ಕಳು ಕೊಟ್ಟ ಉತ್ತರಗಳು ಅವು. ಗಂಡ ನಿಮ್ಮ ಮಾತು ಕೇಳುತ್ತಾರೆಯೇ? ಕೇಳುತ್ತಾರೆ. ಹಾಸಿಗೆಯಲ್ಲಿ ನಿಮ್ಮ ಮನಸ್ಸು ತಿಳಿದು ನಡೆಯುತ್ತಾರೆಯೇ? ನಡೆಯುತ್ತಾರೆ. ಬೇಡವೆನಿಸಿದ ದಿನ ಬೇಡ ಎನ್ನಬಲ್ಲಿರಾ? ಬೇಡ ಅನ್ನಿಸುವುದೇ ಇಲ್ಲ.

“ಏನ ಕಸ್ತೂರಿ, ನಮ್ಮ ಜಿಲ್ಲಾದಾಗ ಇಷ್ಟು ಸುಖಾ ಇದ್ರ ವಕೀಲರೆಲ್ಲಾ ಉಪಾಸ ಬೀಳಬೇಕಾಗಿತ್ತಲ್ಲ?” ಎಂದರು.

“ಖರೇ ಹೇಳಿಲ್ಲಂತ ನನಗೂ ಅನಸ್ತೈತ್ರಿ ಸರ್. ಯಾಕ ಹೇಳಿಲ್ಲ ಅನ್ನೂದು ತಿಳೀವಲ್ದು.”

“ಅದರಾಗ ತಿಳಿಯೂದೇನೈತಿ? ನಾನೂ ಮುದ್ದೇಬಿಹಾಳದಾಂವ. ನಮ್ಮ ಕಡಿ ಹೆಣ್ಮಕ್ಕಳು ಇಂಥಾ ಮಾತು ಆಡೂದಿಲ್ಲ. ಹೊರದೇಶದವರು ಆಡ್ತಾರ, ಬರದು ಕೊಡ್ತಾರ. ನಮ್ಮವರು ಸತ್ತರೂ ಇಲ್ಲ.” ಹಾಳೆಗಳನ್ನು ಹೊಂದಿಸಿ ಆಕೆಯತ್ತ ಸರಿಸಿದರು. “ದಸರಾತನಕ ನೋಡು. ಆಮ್ಯಾಲೆ ವಿಷಯ ಬದಲು ಮಾಡೋಣು. ಹೈಬ್ರಿಡ್ ಜೋಳದ ಬಗ್ಗೆ ರೈತರ ಮನೋಭಾವ. ಸರಕಾರ ರೊಕ್ಕಾನೂ ಕೊಡತೈತಿ, ಜೋಳದ ಬಗ್ಗೆ ಮಾತಾಡಾಕ ಯಾರಿಗೂ ನಾಚಿಕಿ ಇಲ್ಲ.”

ಇದು ೧೯೭೪ರ ಜೂನ್ ತಿಂಗಳ ಮಾತು. ಗಂಡ ಹೆಂಡಿರ ನಡುವಿನ ಆಪ್ತತೆ, ಬಯಕೆ, ಅದನ್ನು ಅವರು ಒಬ್ಬರಿಗೊಬ್ಬರು ತಿಳಿಸುವ ಬಗೆ: ಈ ವಿಷಯವನ್ನು ವಿಭಾಗದಲ್ಲಿ ಒಪ್ಪಿಸಲು ಕಸ್ತೂರಿಗೆ ಎರಡು ವರ್ಷ ಹಿಡಿದಿತ್ತು. ಇಂಡಿಯಲ್ಲಿ ಹುಟ್ಟಿ, ಬಿಜಾಪುರದಲ್ಲಿ ರಸಾಯನಶಾಸ್ತ್ರದ ಬಿ.ಎಸ್ಸಿ. ಮುಗಿಸಿ, ಮನೆಯವರು ಗಂಡು ನೋಡುತ್ತಿದ್ದಾಗ ಧಾರವಾಡದ ಬಸ್ಸು ಹತ್ತಿ ಮನಃಶಾಸ್ತ್ರಕ್ಕೆ ಬಂದವಳು. ಕೈಬಿಟ್ಟರೆ ಈ ವಿಷಯ ಮತ್ತೆ ತನ್ನ ಕೈಗೆ ಬರುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ತಾನಲ್ಲದಿದ್ದರೆ ಆ ನಾಲ್ಕು ತಾಲ್ಲೂಕುಗಳಲ್ಲಿ ಇದನ್ನು ಕೇಳುವವರು ಇನ್ನೆಷ್ಟೋ ವರ್ಷ ಬರುವುದಿಲ್ಲ ಎಂಬುದೂ ಗೊತ್ತಿತ್ತು.

ಪ್ರಯೋಗಾಲಯದಲ್ಲಿ ಕಲಿತ ಒಂದು ಪಾಠವನ್ನು ಆಕೆ ಬಿಟ್ಟಿರಲಿಲ್ಲ. ದ್ರಾವಣದ ಬಣ್ಣ ಬದಲಾಗಬೇಕಾದಲ್ಲಿ ಬದಲಾಗದಿದ್ದರೆ ದ್ರಾವಣವನ್ನು ಬೈಯಬಾರದು. ಮೊದಲು ಪಾತ್ರೆಯನ್ನೂ ತನ್ನ ಕೈಯನ್ನೂ ಅನುಮಾನಿಸಬೇಕು.

ಆದರೆ ಆ ಮಳೆಗಾಲದ ಮೊದಲ ವಾರಗಳಲ್ಲಿ ಆಕೆ ಅನುಮಾನಿಸಿದ್ದೆಲ್ಲ ತಪ್ಪಾಯಿತು. ಪ್ರಶ್ನೆಗಳ ಗ್ರಾಂಥಿಕ ಭಾಷೆ ಬಿಟ್ಟು ಊರ ಭಾಷೆಯಲ್ಲಿ ಬರೆದಳು. ಮಧ್ಯಾಹ್ನ ಬಿಟ್ಟು ಮುಂಜಾನೆ ಹೋದಳು. ಉತ್ತರ ಮಾತ್ರ ಅದೇ. ಜೊತೆಗಿದ್ದ ಸಹಾಯಕಿ ಸೈದಾಬಿಗೆ ಬೇರೆಯೇ ಕಾರಣ ಹೊಳೆದಿತ್ತು. ಸೈದಾಬಿ ಸಿಂದಗಿಯವಳು, ಬಿ.ಎ. ಓದಿದವಳು, ಕಸ್ತೂರಿಗಿಂತ ಏಳೆಂಟು ವರ್ಷ ದೊಡ್ಡವಳು. ಗಂಡನದು ಸಿಂದಗಿ ಪೇಟೆಯಲ್ಲಿ ಸೈಕಲ್ ಅಂಗಡಿ.

“ನಿಮಗ ಲಗ್ನ ಆಗಿಲ್ಲ ಬಾಯಾರ, ಅದಕ್ಕ ಹೇಳವಲ್ರು” ಎಂದಳು ತಾಂಬಾ ಹಳ್ಳಿಗೆ ಹೋಗುವ ಬಸ್ಸಿನಲ್ಲಿ. “ಒಂದು ತಾಳಿ ಹಾಕ್ಕೋರಿ. ಬಿಜಾಪುರ ಪ್ಯಾಟ್ಯಾಗ ಗಿಲೀಟಿಂದು ಸಿಗತೈತಿ.”

“ಸುಳ್ಳು ತಾಳಿ ಕಟ್ಟಿಕೊಂಡು ಖರೇ ಕೇಳಾಕ ಹೋಗೂದೇನ ಸೈದಕ್ಕ?”

“ಹಂಗಾರ ಖರೇ ತಾಳಿ ಕಟ್ಟಿಸ್ಕೋರಿ. ಕಂಡಕ್ಟರ ಆಗಿಂದ ನೋಡಾಕತ್ತಾನ.”

ತಾಂಬಾದಲ್ಲಿ ಅವರು ಹೋದ ಮನೆ ಮಡಿವಾಳಪ್ಪ ಎಂಬ ರೈತನದು. ಹೆಂಡತಿ ರುಕ್ಮವ್ವ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿದಳು. ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು, ಕಣ್ಣು ಚುರುಕು. ಅತ್ತೆ ಚನ್ನವ್ವ ಹಿತ್ತಲಲ್ಲಿ ಜೋಳ ಕೇರುತ್ತಿದ್ದಳು. ಮೊರದ ಸದ್ದು ಕೇಳುತ್ತಿತ್ತು, ಆಕೆ ಕಾಣುತ್ತಿರಲಿಲ್ಲ.

ಸೈದಾಬಿ ಮೊದಲನೆಯ ಪ್ರಶ್ನೆ ಓದಿದಳು. “ಮನ್ಯಾಗಿನವರ ಹೆಸರೇನ ತಂಗಿ?”

ರುಕ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅದನ್ನ ನಾ ಹೆಂಗ ಹೇಳ್ಲಿರಿ? ನೀವ ತಿಳಕೋರಿ.”

ಗಂಡನ ಹೆಸರನ್ನು ಹೆಂಡತಿ ಹೇಳುವುದಿಲ್ಲ. ಆ ಸೀಮೆಯಲ್ಲಿ ಇದು ಯಾರಿಗೂ ವಿಶೇಷವೆನಿಸುವ ಸಂಗತಿಯಲ್ಲ. ಸೈದಾಬಿ ಎಲ್ಲ ಮನೆಗಳಲ್ಲೂ ಮಾಡಿದಂತೆ ಹಿತ್ತಲತ್ತ ತಿರುಗಿ ಕೂಗಿದಳು. “ಯತ್ತೀ, ಒಂಚೂರು ಬರ್ರಿ ಇಲ್ಲಿ. ನಿಮ್ಮ ಮಗನ ಹೆಸರು ಬೇಕಾಗೈತಿ.”

ಚನ್ನವ್ವ ಮೊರ ಹಿಡಿದುಕೊಂಡೇ ಬಂದಳು. “ಮಡಿವಾಳಪ್ಪ. ಯಾಕ? ರೇಷನ್ ಸಕ್ಕರಿ ಕೊಡ್ತೀರೇನು?” ಎಂದು ಕಂಬಕ್ಕೊರಗಿ ಕೂತು ಕೇರುವುದನ್ನು ಮುಂದುವರಿಸಿದಳು. “ಕುಟುಂಬ ಯೋಜನೇದವರು ಇದ್ರ ಮೊದಲ ಹೇಳಿಬಿಡ್ರಿ. ನನಗ ಇನ್ನೂ ಒಂದು ಮೊಮ್ಮಗ ಬೇಕು.”

“ಅವರಲ್ರಿ ಯತ್ತಿ.” ಸೈದಾಬಿ ಸೊಸೆಯತ್ತ ತಿರುಗಿದಳು. “ಅವರು ನಿನ್ನ ಮಾತು ಕೇಳ್ತಾರೇನ ತಂಗಿ?”

“ಕೇಳ್ತಾರ್ರಿ.”

“ಯಾಕ ಕೇಳೂದಿಲ್ಲ? ನಾ ಹಡದ ಮಗಾ ಅಂವ” ಎಂದಳು ಚನ್ನವ್ವ.

ಸೈದಾಬಿ ದನಿ ತಗ್ಗಿಸಿದಳು. “ಹಾಸಿಗ್ಯಾಗ...”

“ಹಾಸಿಗೀನಾ? ಗಾದಿ ಐತಿ, ಎರಡು ಕೌದಿ ಅದಾವ, ಹೊಸಾವು. ಏನ ಕಡಿಮಿ ಮಾಡೇವಿ? ಹೇಳ, ಹೇಳ ಅವರಿಗೆ.”

“ಎಲ್ಲಾ ಚೊಲೊ ಐತ್ರಿ” ಎಂದಳು ರುಕ್ಮವ್ವ. ಆ ಚುರುಕು ಕಣ್ಣು ಈಗ ಚಾಪೆಯ ಅಂಚಿನ ಮೇಲಿತ್ತು.

ಆಲಮಟ್ಟಿಗೆ ಅವರು ಹೋದದ್ದು ಜುಲೈ ಕೊನೆಯಲ್ಲಿ. ಅಲ್ಲಿ ಕೃಷ್ಣೆಗೆ ಅಣೆಕಟ್ಟು ಏಳುತ್ತಿತ್ತು, ನೌಕರರ ಕ್ವಾರ್ಟರ್ಸುಗಳ ಸಾಲುಗಳಿದ್ದವು. ಪ್ರತಿ ಬಾಗಿಲ ಮೇಲೂ ಬಿಳಿ ಬಣ್ಣದಲ್ಲಿ ನೌಕರನ ಹೆಸರು. ಅಬ್ದುಲಗನಿ, ವರ್ಕ್ ಇನ್‌ಸ್ಪೆಕ್ಟರ್ ಎಂದು ಬರೆದಿದ್ದ ಬಾಗಿಲನ್ನು ತಟ್ಟುವ ಮೊದಲೇ ಕಸ್ತೂರಿ ಆ ಹೆಸರನ್ನು ಹಾಳೆಯ ಮೇಲೆ ಬರೆದುಕೊಂಡಿದ್ದಳು. ಬಾಗಿಲು ತೆರೆದವಳು ಆತನ ಹೆಂಡತಿ ಶಮ್ಶುನ್ನೀಸಾ. ಅಂದು ಸೈದಾಬಿ ಎರಡನೆಯ ಪ್ರಶ್ನೆಯಿಂದ ಶುರು ಮಾಡಿದಳು.

ಮೊದಲೊಂದಿಷ್ಟು ಹೊತ್ತು ಶಮ್ಶುನ್ನೀಸಾ ಕಾಲುವೆ ಕೆಲಸದ ಧೂಳು, ಮೀನಿನ ವಾಸನೆ, ಬಾಗಲಕೋಟೆಯ ತವರು, ಇವುಗಳ ಬಗ್ಗೆ ಮಾತಾಡಿದಳು. ಆಮೇಲೆ ತಾನಾಗಿಯೇ ಪ್ರಶ್ನೆಯ ಹತ್ತಿರ ಬಂದಳು.

“ಚಳಿಗಾಲದಾಗ ಡ್ಯೂಟಿ ಮುಗಿಸಿ ಬರ್ತಾರಲ್ರಿ, ಮೊದಲ ಒಲಿ ಮುಂದ ಕುಂತು ಕೈ ಕಾಸಿಕೋತಾರ. ಆಮ್ಯಾಲೆ ಮುಟ್ಟತಾರ. ಲಗ್ನಾದ ವರ್ಷ ಒಮ್ಮೆ ತಣ್ಣನ ಕೈಗೆ ನಾ ಬೆಚ್ಚಿದ್ದೆ, ಅವತ್ತಿಂದ ಹಂಗ. ಅವರು ಒಲಿ ಮುಂದ ಕುಂತಿದ್ದು ನೋಡಿದ್ರ ಸಾಕು, ನನಗ...” ಎಂದು ನಿಲ್ಲಿಸಿ ನಕ್ಕಳು. “ಅದನ್ನೂ ಬರಕೋತೀರೇನು?”

“ನೀವು ಬ್ಯಾಡಂದ್ರ ಬರಿಯೂದಿಲ್ಲ” ಎಂದಳು ಕಸ್ತೂರಿ.

“ಬರಕೋರಿ. ಯಾರಿಗರೆ ಉಪಯೋಗ ಆಗ್ಲಿ.” ಆಮೇಲೆ ಎರಡನೆಯ ಬಸಿರು ಇಳಿದು ಹೋದ ಮೇಲೆ ಒಂದು ವರ್ಷ ತನಗೆ ಗಂಡನ ನೆರಳು ಬಿದ್ದರೂ ಹೆದರಿಕೆಯಾಗುತ್ತಿದ್ದುದನ್ನು ಹೇಳಿದಳು. ಆತ ಒಂದು ಮಾತೂ ಆಡದೆ ಹೊರಗಿನ ಕೋಣೆಗೆ ಹಾಸಿಗೆ ಒಯ್ದಿದ್ದ. “ಮತ್ತ ಆಸೆ ಆಗತೈತಿ ಅಂತ ನನಗ ಯಾರೂ ಹೇಳಿರಲಿಲ್ರಿ. ಎಲ್ಲಾ ಮುಗೀತಂತ ಮಾಡಿದ್ದೆ. ಆಮ್ಯಾಲೆ ಒಂದಿನ ನಾನ ಹೋಗಿ ಅವರ ಹಾಸಿಗಿ ಸುತ್ತಿ ಒಳಗ ತಂದೆ.”

ಹೊರಗೆ ಬಂದಾಗ ಕಸ್ತೂರಿಯ ಬೆರಳುಗಳು ಬರೆದು ಬರೆದು ಜೋಮು ಹಿಡಿದಿದ್ದವು. ಇಷ್ಟು ದಿನಗಳ ತಿರುಗಾಟದಲ್ಲಿ ಇದು ಮೊದಲ ನಿಜವಾದ ಸಂದರ್ಶನ.

ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಸಿಂದಗಿಯ ಬಸ್ಸಿಗಾಗಿ ಕಾಯುತ್ತ ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ಮಳೆ ಹನಿಯುತ್ತಿತ್ತು. ಸೈದಾಬಿ ಹುರಿದ ಶೇಂಗಾ ಸುಲಿಯುತ್ತಿದ್ದಳು. ಕಸ್ತೂರಿ ಮಾತ್ರ ಒಂದು ಪ್ರಯೋಗ ಯಶಸ್ವಿಯಾದಾಗ ಮಾಡಬೇಕಾದ್ದನ್ನೇ ಮಾಡುತ್ತಿದ್ದಳು: ಈ ಸಲ ಬೇರೆಯಾಗಿದ್ದದ್ದು ಯಾವುದು ಎಂದು ಹುಡುಕುವುದು.

“ತಿಳಿಯಾಕ ಏನೈತಿ?” ಎಂದಳು ಸೈದಾಬಿ. “ಕ್ವಾರ್ಟರ್ಸಿನ್ಯಾಗ ಅತ್ತಿ ಇಲ್ಲ. ಅತ್ತಿ ಇದ್ದಲ್ಲಿ ಯಾ ಸೊಸಿ ಬಾಯಿ ಬಿಡ್ತಾಳ?”

“ತಾಂಬಾದಾಗೂ ಪಡಸಾಲ್ಯಾಗ ಅತ್ತಿ ಇರಲಿಲ್ಲ ಸೈದಕ್ಕ. ಹಿತ್ತಲದಾಗ ಇದ್ಳು.”

“ಇರಲಿಲ್ಲಂದ್ರ? ಕಂಬಕ್ಕ ಆತು ಕುಂತಿದ್ಲಲ್ಲ, ಗಾದಿ ಕೌದಿ ಲೆಕ್ಕ ಕೊಟ್ಟಾಕಿ.”

“ಆಕೀನ್ನ ಕರದವರು ಯಾರು?”

ಸೈದಾಬಿಯ ಕೈಯಲ್ಲಿ ಶೇಂಗಾ ನಿಂತಿತು. “ನಾ ಕರದೆ. ಹೆಸರು ಬೇಕಾಗಿತ್ತಲ್ಲ.”

“ಇಂಡ್ಯಾಗ?”

“ಅಲ್ಲೂ ಅತ್ತೀನ ಹೇಳಿದ್ಲು. ಆಲಮೇಲದಾಗ ಒಂದೆರಡು ಕಡೆ ಮೈದುನಗೋಳು.” ಸೈದಾಬಿ ನಿಧಾನವಾಗಿ ಕಸ್ತೂರಿಯತ್ತ ತಿರುಗಿದಳು. “ಯಾ ಅಲ್ಲಾ. ಎಲ್ಲಾ ಮನ್ಯಾಗೂ ನಾನ ಕರದು ಕುಂದರಿಸೇನಿ.”

“ನೀವು ಕರದ್ರಿ, ನಾ ಕೇಳಸಿದೆ. ಮೊದಲನೇ ಪ್ರಶ್ನಿ ಹಾಕಿದಾಕಿ ನಾನ.”

ಹೆಂಡತಿ ಹೆಸರು ಹೇಳುವುದಿಲ್ಲ, ಮನೆಯವರನ್ನು ಕರೆಯಬೇಕು, ಕರೆದವರು ಬಂದು ಕೂರುತ್ತಾರೆ. ಇದು ಎಷ್ಟು ಸಹಜವಾಗಿತ್ತೆಂದರೆ ಇಂಡಿಯವಳಾದ ಕಸ್ತೂರಿಗೂ ಸಿಂದಗಿಯವಳಾದ ಸೈದಾಬಿಗೂ ಅದೊಂದು ಘಟನೆಯೆಂದೇ ಅನ್ನಿಸಿರಲಿಲ್ಲ. ಮುದ್ದೇಬಿಹಾಳದ ಹಂಚಿನಾಳರೂ ಪ್ರಶ್ನೆಗಳನ್ನು ಓದಿ ಸಹಿ ಮಾಡಿದ್ದರು. ದೂರದೂರಿನವರು ಯಾರಾದರೂ ಬಂದಿದ್ದರೆ ಎರಡನೆಯ ಮನೆಯಲ್ಲೇ ಅವರಿಗೆ ಇದು ವಿಚಿತ್ರವೆನಿಸುತ್ತಿತ್ತು. ಪಾತ್ರೆಯ ತಳದಲ್ಲಿ ಮೊದಲೇ ಒಂದು ಹನಿ ಬಿದ್ದಿತ್ತು, ಎಲ್ಲ ದ್ರಾವಣವೂ ಅದೇ ಬಣ್ಣಕ್ಕೆ ತಿರುಗುತ್ತಿತ್ತು.

ಆದರೂ ಒಂದೇ ಮನೆಯಿಂದ ಸಿದ್ಧಾಂತ ಕಟ್ಟುವವಳಲ್ಲ ಅವಳು. ಸೈದಾಬಿಯ ಆಕ್ಷೇಪಕ್ಕೂ ಉತ್ತರ ಬೇಕಿತ್ತು. ಕ್ವಾರ್ಟರ್ಸಿನಲ್ಲಿ ಅತ್ತೆಯೇ ಇರಲಿಲ್ಲ ಎಂಬುದು ನಿಜ. ಹಾಗಾಗಿ ಮುಂದಿನ ವಾರ ಬಾಗೇವಾಡಿಯಲ್ಲಿ, ಅತ್ತೆ ಇರುವ ಮನೆಗಳಿಗೇ ಹೋಗಿ, ಗಂಡನ ಹೆಸರು ಕೇಳದೆ ಮಾತು ಶುರು ಮಾಡಿ ನೋಡಿದಳು. ಅತ್ತೆಯರು ಇಣುಕಿ, ಕುಟುಂಬ ಯೋಜನೆಯವರಲ್ಲ ಎಂದು ಖಾತ್ರಿ ಮಾಡಿಕೊಂಡು, ತಮ್ಮ ಕೆಲಸಕ್ಕೆ ಹೋದರು. ಸುಳ್ಳು ಹೇಳುವುದು ನಿಂತಿತು. ಮಾತು ಮಾತ್ರ ಇನ್ನೂ ಬಿಗಿಯಾಗಿಯೇ ಇತ್ತು. ಗುರುತಿಲ್ಲದ ಇಬ್ಬರ ಮುಂದೆ ಕೂತವಳು ಗಂಡನ ಸುದ್ದಿಯನ್ನು ಎಲ್ಲಿಂದ ಶುರು ಮಾಡಬೇಕು?

ಆಗ ಕಸ್ತೂರಿಗೆ ತನ್ನ ಅಣ್ಣನ ಮದುವೆ ನೆನಪಾಯಿತು. ಮದುಮಗಳನ್ನು ಮನೆ ತುಂಬಿಸಿಕೊಳ್ಳುವ ಹೊತ್ತಿಗೆ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎನ್ನುತ್ತಾರೆ. ಮದುಮಗಳು ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಹೆಸರನ್ನು ಹೇಳಬೇಕು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಲು ಇರುವ ದಾರಿ ಅದೊಂದೇ. ಇಡೀ ದಿನ ತಲೆಯೆತ್ತದಿದ್ದ ಅತ್ತಿಗೆ ಒಡಪು ಹೇಳಿದ ಮೇಲೆ ನಗತೊಡಗಿದವಳು ಊಟದ ಹೊತ್ತಿನವರೆಗೂ ನಿಲ್ಲಿಸಿರಲಿಲ್ಲ.

“ಸೈದಕ್ಕ, ಒಡಪು ಕೇಳಿದ್ರ ಹೆಂಗ?”

“ಒಡಪು ಲಗ್ನದಾಗ ಹೇಳೂದ್ರಿ, ಬಸುರಿ ಕುಬಸದಾಗ ಹೇಳೂದು. ಸುಮ್ಮಸುಮ್ಮನ ಕುಂತು ಯಾರ ಹೇಳ್ತಾರ?”

“ನೀವ ಒಂದು ಹೇಳ್ರಿ ನೋಡೂಣು.”

“ನಡ್ರಿ ನಡ್ರಿ. ನನಗ ಮೂರು ಮಕ್ಕಳಾಗ್ಯಾವ.” ಹೀಗೆಂದವಳು ಅತ್ತಿತ್ತ ನೋಡಿ, ಕಸ್ತೂರಿಯ ಕಿವಿಯ ಹತ್ತಿರ ಬಂದು ಹೇಳಿದಳು:

“ಸಿಂದಗಿ ಪ್ಯಾಟ್ಯಾಗ ಸೈಕಲ್ ಅಂಗಡಿ, ಗಾಲಿಗೆ ಹೊಡೀತಾರ ಗಾಳಿ,
ಬಂದಗಿಸಾಬರ ಸಿಟ್ಟು ಇಳಿಸೇನಿ ಕಿವ್ಯಾಗ ಒಂದು ಮಾತು ಹೇಳಿ.”

“ಏನ ಮಾತ ಅದು?” ಎಂದಳು ಕಸ್ತೂರಿ.

ಸೈದಾಬಿ ಬಾಯಿ ತೆರೆದಳು. ಹೇಳಿಯೇಬಿಡುವವಳಿದ್ದಳು. ನಂತರ ತಾನು ಏನು ಮಾಡಲು ಹೊರಟಿದ್ದೇನೆಂದು ಹೊಳೆದು, ಕಸ್ತೂರಿಯ ತೋಳಿಗೆ ಒಂದು ಏಟು ಹಾಕಿದಳು. “ನಿಮ್ಮ ಪ್ರಶ್ನಿ ಕೆಲಸ ಮಾಡತೈತಿ ಬಾಯಾರ.”

ತಾಂಬಾಕ್ಕೆ ಮರಳಿ ಹೋದಾಗ ಚನ್ನವ್ವ ಅದೇ ಹಿತ್ತಲಲ್ಲಿದ್ದಳು. ಈ ಸಲ ಯಾರೂ ಆಕೆಯನ್ನು ಕರೆಯಲಿಲ್ಲ. “ಮತ್ತ ಬಂದೀರೇನು? ಸಕ್ಕರಿ ತಂದೀರೇನು?” ಎಂದು ಅಲ್ಲಿಂದಲೇ ಕೇಳಿ, ಇಲ್ಲವೆಂದಾಗ ಮೊರ ಎತ್ತಿಕೊಂಡಳು. ಒಡಪು ಕೇಳಿದಾಗ ರುಕ್ಮವ್ವ ಮುಖವನ್ನು ಮೊಣಕಾಲಿನಲ್ಲಿ ಹುದುಗಿಸಿ ನಕ್ಕಳು. ಆಮೇಲೆ ತಲೆಯೆತ್ತಿ, ಮೆಲ್ಲಗೆ:

“ಹೊಲದಾಗ ಕುಸುಬಿ ಹೂವು, ಮುಟ್ಟಾಕ ಹೋದರ ಮುಳ್ಳು,
ಮಡಿವಾಳಪ್ಪ ಮಾರಿ ನೋಡಿದರ ಹೇಳಾಕ ಬರೂದಿಲ್ಲ ಸುಳ್ಳು.”

ಹೇಳಿ ಮುಗಿಸಿದವಳ ಕಣ್ಣು ಚಾಪೆಯ ಅಂಚಿಗೆ ಹೋಗಲಿಲ್ಲ. “ಲಗ್ನದಾಗ ಬ್ಯಾರೆ ಹೇಳಿದ್ನಿರಿ, ಅದನ್ನ ನಮ್ಮವ್ವ ಕಲಿಸಿದ್ಲು. ಇದು ನಂದ” ಎಂದಳು.

“ನಿಮಗ ಬೇಕನಿಸಿದ್ರ ಅವರಿಗೆ ಹೆಂಗ ತಿಳಿಸ್ತೀರಿ?” ಎಂದು ಕಸ್ತೂರಿ ಕೇಳಿದಳು. ಸರಳವಾಗಿ, ಅಡುಗೆಯ ಬಗ್ಗೆ ಕೇಳಿದಂತೆ.

“ನೀರಿನ ತಂಬಿಗಿ ಅವರ ಮಗ್ಗಲಕ ಇಡ್ತೇನಿ. ನನ್ನ ಕಡೆ ಇದ್ರ ಅವತ್ತ ಇಲ್ಲಂತ ಅರ್ಥ. ಬಾಯಿಲೆ ಹೇಳೂದಿಲ್ರಿ. ಒಮ್ಮೆ ದಣದು ಬಂದಾಕಿ ಮರತು ಅವರ ಕಡೆ ಇಟ್ಟುಬಿಟ್ಟಿದ್ದೆ.” ನಗು ತಡೆಯಲಾಗದೆ ಸೆರಗು ಕಚ್ಚಿದಳು. “ಎಬ್ಬಿಸಿ ಕೇಳಿದ್ರು, ಖರೇನೋ ಮರತೀಯೋ ಅಂತ. ಕೇಳಿದ್ರು ನೋಡ್ರಿ, ಅದಕ್ಕ ಖರೇ ಅಂದೆ.”

ಕಸ್ತೂರಿ ಬರೆಯುವುದನ್ನು ನಿಲ್ಲಿಸಿ ಆ ಮಾತನ್ನು ಸುಮ್ಮನೆ ಕೇಳಿದಳು. ತಾನು ಓದಿದ ಪುಸ್ತಕಗಳು ಇಂಥ ಸಮಾಜದ ಹೆಂಡತಿ ಕಾಯುತ್ತಾಳೆ, ಗಂಡ ಬಯಸುತ್ತಾನೆ ಎನ್ನುತ್ತಿದ್ದವು. ಇಲ್ಲಿ ಕೇಳುವವಳು ಹೆಂಡತಿ, ಆಕೆಯ ಕೇಳಿಕೆಗೆ ಒಂದು ತಂಬಿಗೆಯಷ್ಟು ಸ್ಪಷ್ಟವಾದ ಆಕಾರವಿತ್ತು.

ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಅವರು ತಿರುಗಿದರು. ಅರ್ಧ ಮನೆಗಳಲ್ಲಿ ಒಡಪು ಕೇಳಿ, ಅರ್ಧ ಮನೆಗಳಲ್ಲಿ ಕೇಳದೆ ಹೋಲಿಸಿದರು. ಒಡಪಿನಿಂದ ಶುರುವಾದ ಮಾತು ಬಹುಮಟ್ಟಿಗೆ ದೂರ ಹೋಗುತ್ತಿತ್ತು. ಎಲ್ಲರದೂ ತಂಬಿಗೆಯ ಕಥೆಯಲ್ಲ. ಗಂಡನ ಹೆಜ್ಜೆ ಸಪ್ಪಳಕ್ಕೆ ನಿದ್ದೆ ನಟಿಸುವವರಿದ್ದರು. ಹೊಡೆತ ತಿಂದವರಿದ್ದರು. ಒಬ್ಬಳು ಒಡಪು ಹೇಳಲು ಹೋಗಿ, ಹೆಸರಿನ ಜಾಗ ಬಂದಾಗ ಬಾಯಿ ಕಟ್ಟಿ, “ಆ ಹೆಸರು ನನ್ನ ಬಾಯಾಗ ಬ್ಯಾಡ್ರಿ” ಎಂದು ಎದ್ದು ಹೋದಳು. ಕಸ್ತೂರಿ ಅದನ್ನೂ ಉತ್ತರವೆಂದೇ ಗುರುತು ಮಾಡಿದಳು.

ದಸರೆಗೆ ಮುಂಚೆ ಧಾರವಾಡದಲ್ಲಿ ಹಂಚಿನಾಳರು ಎಲ್ಲವನ್ನೂ ಓದಿದರು. ಓದುವಾಗ ಎರಡು ಸಲ ಕನ್ನಡಕ ತೆಗೆದು ಒರೆಸಿಕೊಂಡರು. ವಿಭಾಗದ ಇತರ ಅಧ್ಯಾಪಕರೂ ಇದ್ದರು.

“ಚಂದ ಐತಿ” ಎಂದರು ಹಂಚಿನಾಳರು. “ಆದರ ನೀನು ಮಾತುಗಾರ್ತೇರನ್ನ ಆರಿಸೀಯಂತ ನಾ ಅಂತೇನಿ.”

“ಮನಿ ನಾ ಆರಿಸಿಲ್ರಿ ಸರ್. ಊರಾಗಿನ ಮನಿಗಳ ಚೀಟಿ ಬರದು ಎತ್ತಿದ್ದು.”

“ಎಲ್ಲಾ ಹರೇದ ಹುಡುಗ್ಯಾರು. ಹಳೇ ಮಂದಿ ಹೇಳೂದಿಲ್ಲ.”

“ನೀವ ಒಂದು ಮನಿ ಹೇಳ್ರಿ. ಯಾವುದರೆ ಇರಲಿ, ಹೋಗ್ತೇನಿ.”

ಹಂಚಿನಾಳರು ಕುರ್ಚಿಗೊರಗಿ ನಕ್ಕರು. “ಮುದ್ದೇಬಿಹಾಳದಾಗ ನಮ್ಮವ್ವ ಅದಾಳ, ಬಾಳಮ್ಮ. ಎಪ್ಪತ್ತು ದಾಟೈತಿ. ನಮ್ಮಪ್ಪ ಹೋಗಿ ಹತ್ತು ವರ್ಷಾತು. ಅವರಿಬ್ಬರೂ ನಮ್ಮ ಮುಂದ ಕುಂತು ಮಾತಾಡಿದ್ದು ನಾ ಒಂದಿನಾನೂ ನೋಡಿಲ್ಲ. ಆಕೀನ್ನ ಮಾತಾಡಿಸು, ನಿನ್ನ ವಿಷಯ ನಿನಗ ಇರಲಿ.”

ಕೋಣೆಯಲ್ಲಿ ಎಲ್ಲರೂ ನಕ್ಕರು. ಮಾತು ಮುಗಿಸಲಿಕ್ಕೆಂದು ಅವರು ಹೇಳಿದ್ದು ಅದು.

“ಆಗಲ್ರಿ ಸರ್” ಎಂದಳು ಕಸ್ತೂರಿ. “ಮಾತು ಮುಗಿಯೂತನಕ ನೀವು ಹೊರಗ ಕಟ್ಟಿ ಮ್ಯಾಲೆ ಇರಬೇಕು. ಒಳಗಿನ ಮಾತು ನಿಮಗೂ ಹೇಳೂದಿಲ್ಲ. ಅದು ಎಲ್ಲಾರಿಗೂ ಒಂದ ನಿಯಮ.”

ನಗು ನಿಂತಿತು. ಸಹೋದ್ಯೋಗಿಗಳ ಮುಂದೆ ಆಡಿದ ಮಾತನ್ನು ಹಿಂದಕ್ಕೆ ಪಡೆಯುವ ಸ್ವಭಾವ ಹಂಚಿನಾಳರದಲ್ಲ.

ಮುದ್ದೇಬಿಹಾಳದ ಮನೆಯಲ್ಲಿ ಬಾಳಮ್ಮ ಕಸ್ತೂರಿಯನ್ನೂ ಸೈದಾಬಿಯನ್ನೂ ಒಳಕೋಣೆಗೆ ಕರೆದೊಯ್ದು, ತಾನೇ ಬಾಗಿಲು ಮುಂದೆ ಮಾಡಿದಳು. ಬೆನ್ನು ಬಾಗಿತ್ತು, ದನಿ ಬಾಗಿರಲಿಲ್ಲ. ಗಂಡನ ಹೆಸರು ಶಂಕರೆಪ್ಪ ಎಂದು ಮಗನಿಂದಲೇ ತಿಳಿದಿತ್ತು. ಕಸ್ತೂರಿ ಒಡಪು ಕೇಳಲಿಲ್ಲ. ಮುತ್ತೈದೆಯರು ಹೇಳುವ ಒಡಪನ್ನು ಗಂಡ ಸತ್ತವಳನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ನೋಯಿಸಿದಂತೆ. ಎರಡನೆಯ ಪ್ರಶ್ನೆಯಿಂದ ಶುರು ಮಾಡಿದಳು. ಬಾಳಮ್ಮ ಸಣ್ಣ ಸಣ್ಣ ಉತ್ತರ ಕೊಟ್ಟಳು. ಹೌದು. ಇಲ್ಲ. ಇದ್ದೀತು. ಸೈದಾಬಿ ಕಸ್ತೂರಿಯತ್ತ ನೋಡಿದಳು. ಹೈಬ್ರಿಡ್ ಜೋಳ ಹತ್ತಿರ ಬರುತ್ತಿತ್ತು.

ಬಾಳಮ್ಮ ಇದ್ದಕ್ಕಿದ್ದಂತೆ ಕೈ ಎತ್ತಿ ಪ್ರಶ್ನೆಯನ್ನು ತಡೆದಳು. “ಯವ್ವಾ, ನೀನು ಎಲ್ಲಾರಿಗೂ ಒಡಪು ಕೇಳ್ತಿಯಂತ. ತಾಂಬಾದ ಚನ್ನವ್ವ ನಮ್ಮ ಬೀಗರ ಪೈಕಿ, ಆಕಿ ಹೇಳಿದ್ಲು. ನನಗ್ಯಾಕ ಕೇಳಲಿಲ್ಲ?”

ಕಸ್ತೂರಿ ಪೆನ್ನು ಕೆಳಗಿಟ್ಟಳು. “ಕೇಳಬಾರದಂತ ಮಾಡಿದ್ನಿರಿ.”

“ಅವರು ಹೋದ ದಿನಾ ಬಳಿ ತಗದ್ರು, ಕುಂಕುಮ ತಗದ್ರು. ಆಗೂದ. ಆದರ ಒಡಪು ಕಟ್ಟೂದು ತಲಿ, ಅದನ್ನ ಯಾರ ತಗೀತಾರ? ಮೊಮ್ಮಕ್ಕಳ ಲಗ್ನದಾಗ ಸೊಸ್ತೇರು ಹೇಳ್ತಾರ, ನಾ ಮೂಲ್ಯಾಗ ಕುಂತು ಮನಸಿನ್ಯಾಗ ಒಂದು ಕಟ್ಟತೇನಿ. ಹತ್ತು ವರ್ಷಾತು, ಎಷ್ಟು ಕಟ್ಟೇನೋ.”

“ಹಂಗಾರ ಈಗ ಕೇಳ್ತೇನ್ರಿ ಅಮ್ಮಾ.”

“ಈಗ ಬ್ಯಾಡ. ಮೊದಲ ನಿನ್ನ ಪ್ರಶ್ನಿ ಮುಗಸು” ಎಂದಳು ಬಾಳಮ್ಮ. ಕೂತಲ್ಲೇ ಸರಿದು ಗೋಡೆಗೆ ಬೆನ್ನು ಆನಿಸಿಕೊಂಡು, ಹದಿನಾಲ್ಕರ ಹುಡುಗಿಯಾಗಿ ಈ ಮನೆಗೆ ಬಂದ ದಿನದಿಂದ ಶುರು ಮಾಡಿದಳು.

ಹೊರಗೆ ಕಟ್ಟೆಯ ಮೇಲೆ ಹಂಚಿನಾಳರು ಪತ್ರಿಕೆ ಹಿಡಿದು ಕೂತಿದ್ದರು. ತಮ್ಮನ ಹೆಂಡತಿ ಮೊದಲು ಚಹಾ ತಂದಳು, ಬಹಳ ಹೊತ್ತಿನ ನಂತರ ಊಟಕ್ಕೆ ಕರೆದಳು. ಒಳಗಿನ ಮಾತು ಕೇಳುತ್ತಿರಲಿಲ್ಲ. ನಗು ಮಾತ್ರ ಆಗಾಗ ಕೇಳುತ್ತಿತ್ತು. ಅದು ತಮ್ಮ ತಾಯಿಯ ನಗು ಎಂದು ಅರಿವಾಗಲು ಅವರಿಗೆ ಸ್ವಲ್ಪ ಸಮಯ ಬೇಕಾಯಿತು.

ಬಿಸಿಲು ಎದುರುಮನೆಯ ಗೋಡೆ ಏರಿದಾಗ ಬಾಗಿಲು ತೆರೆಯಿತು. ಬಾಳಮ್ಮ ನಡುಮನೆ ದಾಟಿ ತಲೆಬಾಗಿಲಿಗೆ ಬಂದು, ಹೊಸ್ತಿಲ ಒಳಗೆ ನಿಂತಳು. ಕಸ್ತೂರಿಯನ್ನೂ ಸೈದಾಬಿಯನ್ನೂ ಹೊರಗೆ ಕಳಿಸಿದಳು.

“ಇಬ್ಬರೂ ಅಡ್ಡ ನಿಂದರ್ರಿ. ಒಡಪು ಹೇಳೂ ಮುಂದ ಯಾರರೆ ಬಾಗಲ ತಡೀಬೇಕು.”

ಅವರು ಬಾಗಿಲಿಗೆ ಕೈ ಅಡ್ಡ ಹಿಡಿದರು. “ಹೆಸರು ಹೇಳ್ರಿ, ಇಲ್ಲಂದ್ರ ಬಿಡೂದಿಲ್ಲ” ಎಂದಳು ಸೈದಾಬಿ, ಮದುವೆಮನೆಯ ದನಿಯಲ್ಲಿ. ಹಂಚಿನಾಳರು ಎದ್ದು ನಿಂತರು. ಬಾಳಮ್ಮ ಮಗನತ್ತ ನೋಡಲಿಲ್ಲ, ಆದರೆ ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

“ಕೃಷ್ಣಾ ಹೊಳಿ ತುಂಬಿದರ ಅಂಬಿಗ ಕುಂದರತಾನ ದಂಡಿ,
ಶಂಕರೆಪ್ಪ ಬರೂತನಕ ಎಣಿಸೇನಿ ದಾರ್ಯಾಗಿನ ಬಂಡಿ.”

ಪತ್ರಿಕೆ ಕಟ್ಟೆಯಿಂದ ಜಾರಿ ಕೆಳಗೆ ಬಿತ್ತು. ಯಾರೂ ಎತ್ತಲಿಲ್ಲ. ಒಳಗೆ ಅಡುಗೆಮನೆಯ ಬಾಗಿಲಲ್ಲಿ ಸೊಸೆ ಸೌಟು ಹಿಡಿದು ನಿಂತುಬಿಟ್ಟಿದ್ದಳು.

“ಬಿಟ್ರಿ?” ಎಂದಳು ಬಾಳಮ್ಮ.

“ಬಿಟ್ಟಿವ್ರಿ” ಎಂದು ಇಬ್ಬರೂ ಕೈ ತೆಗೆದರು. ಆಕೆ ಹೊಸ್ತಿಲು ದಾಟಿ ಬಂದು ಕಟ್ಟೆಯ ಮೇಲೆ ಕೂತಳು. “ಏನ ನೋಡ್ತೀಯೋ? ನಿಮ್ಮಪ್ಪನ ಹೆಸರು ನನಗ ಗೊತ್ತಿಲ್ಲಂತ ಮಾಡಿದ್ದೇನು?” ಎಂದಳು ಮಗನಿಗೆ.

ಬಸ್ ನಿಲ್ದಾಣದವರೆಗೆ ಹಂಚಿನಾಳರು ಅವರ ಜೊತೆ ನಡೆದರು. ಅರ್ಧ ದಾರಿಯಲ್ಲಿ ಕೇಳಿದರು. “ಒಳಗ ಏನ ಹೇಳಿದ್ಲು?”

“ಅದನ್ನ ಹೇಳಾಕ ಬರೂದಿಲ್ರಿ ಸರ್.”

“ಹೌದು. ಹೇಳಬಾರದು.” ಇನ್ನೂ ಸ್ವಲ್ಪ ದೂರ ನಡೆದರು. “ಶಾಲಿ ದಾಖಲಾದಾಗ ನಾ ಬರದೇನಿ ಆ ಹೆಸರು, ಸಹಿ ಮಾಡೂಮುಂದ ಬರೀತೇನಿ. ಅಷ್ಟು ಚಂದ ಹೆಸರಂತ ನನಗ ಇವತ್ತ ತಿಳೀತು.”

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಅವರು ಕಸ್ತೂರಿಯ ಪ್ರಶ್ನೆಗಳ ಹಾಳೆ ಕೇಳಿ ತೆಗೆದುಕೊಂಡರು. ಮೊದಲನೆಯ ಪ್ರಶ್ನೆಯ ಮೇಲೆ ತಾವೇ ಅಡ್ಡಗೆರೆ ಎಳೆದು, ಅಂಚಿನಲ್ಲಿ ‘ಒಡಪು, ಹೇಳಲು ಮನಸ್ಸಿದ್ದರೆ’ ಎಂದು ಬರೆದು, ಕೆಳಗೆ ಸಹಿ ಮಾಡಿದರು.

“ಜೋಳ ಏನ ಮಾಡೂದ್ರಿ ಸರ್?” ಎಂದಳು ಸೈದಾಬಿ.

“ಅದು ತನ್ನಷ್ಟಕ್ಕ ಬೆಳೀತೈತಿ ಬಿಡವಾ.”

ಮುಂದಿನ ಮೂರು ವರ್ಷ ಕಸ್ತೂರಿ ಆ ನಾಲ್ಕು ತಾಲ್ಲೂಕುಗಳ ಕೆಂಪು ಬಸ್ಸುಗಳಲ್ಲಿ ಕಳೆದಳು. ಹೆಂಡತಿ ಬಯಕೆಯನ್ನು ತಿಳಿಸುವ ಬಗೆಗಳು ಊರಿಂದೂರಿಗೆ ಬೇರೆಯಾಗಿದ್ದವು: ಎಲ್ಲಿಯೋ ತಂಬಿಗೆ, ಎಲ್ಲಿಯೋ ಬಾಗಿಲ ಅಗುಳಿ, ಎಲ್ಲಿಯೋ ಎರಡನೆಯ ಸಲ ಬಡಿಸಿದ ತುಪ್ಪ. ೧೯೭೭ರಲ್ಲಿ ಪ್ರಬಂಧದ ಮೌಖಿಕ ಪರೀಕ್ಷೆಗೆ ಪುಣೆಯಿಂದ ಬಂದ ಪರೀಕ್ಷಕರು, ಇಷ್ಟು ನಂಬಬಹುದಾದ ಉತ್ತರಗಳು ಹಳ್ಳಿಗಾಡಿನಲ್ಲಿ ಹೇಗೆ ಸಿಕ್ಕವು ಎಂದು ಕೇಳಿದರು. ಕಸ್ತೂರಿ ಬಾಯಿ ತೆರೆಯುವ ಮೊದಲೇ, ಪಕ್ಕದಲ್ಲಿದ್ದ ಹಂಚಿನಾಳರು ಮುಂದಕ್ಕೆ ಬಾಗಿ, ಅದನ್ನು ತಾವು ಹೇಳುತ್ತೇವೆ ಎಂದರು. ಬಹಳ ಹೊತ್ತು ಹೇಳಿದರು.

ಡಾಕ್ಟರೇಟಿನ ಸುದ್ದಿ ಪತ್ರಿಕೆಯಲ್ಲಿ ಬಂದ ವಾರ ಕಸ್ತೂರಿ ಆಲಮೇಲದಲ್ಲಿದ್ದಳು. ಬಸ್ಸಿನಿಂದಿಳಿದಾಗ ಕಬ್ಬಿನ ಹೊಲದಿಂದ ಬರುತ್ತಿದ್ದ ಹೆಂಗಸರ ಗುಂಪೊಂದು ನಿಂತಿತು. ಅವರಿಗೆ ಪತ್ರಿಕೆಯ ಸುದ್ದಿ ಗೊತ್ತಿರಲಿಲ್ಲ.

“ಒಡಪಿನ ಬಾಯಾರಲ್ಲೇನ್ರಿ ನೀವು?” ಎಂದಳು ಒಬ್ಬಳು.

“ಹೌದ್ರಿ” ಎಂದಳು ಕಸ್ತೂರಿ.

“ಮೂರು ವರ್ಷಾತು, ನಮ್ಮ ಓಣಿಗೆ ಒಮ್ಮೆನೂ ಬಂದಿಲ್ಲ. ನಮಗೇನು ಗಂಡರಿಲ್ಲೇನು?”

“ಇವತ್ತ ಬರ್ತೇನಿ” ಎಂದು ಕಸ್ತೂರಿ ಚೀಲವನ್ನು ಹೆಗಲಿಗೇರಿಸಿ, ಅವರ ನಡುವೆ ನಡೆಯತೊಡಗಿದಳು. ಹಿಂದಿನಿಂದ ಸೈದಾಬಿ, “ಚೀಟಿ ಎತ್ತಬೇಕ್ರಿ ಬಾಯಾರ, ಚೀಟಿ” ಎನ್ನುತ್ತ ಓಡಿಬಂದಳು.